ಅಪ್ಪನ ಚಾಕು ಹೊಳೆಯಲೇಬೇಕಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ನಾನು ಶಾಲಾ ಶಿಕ್ಷಕಿ, ವಯಸ್ಸು 41. ಅಪ್ಪ ತೀರಿಕೊಂಡು ಹತ್ತು ತಿಂಗಳಾಯಿತು. ಮುನಿರಾಬಾದ್ ಕಡೆಯ ನರ್ಸರಿಯೊಂದರಲ್ಲಿ ಮಾವಿನ ಕಸಿ ಕಟ್ಟುತ್ತಲೇ ಅವರು ಜೀವನ ಕಳೆದರು. ಅವರ ಟ್ರಂಕಿನಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಮೂರು ಮಡಚುವ ಚಾಕು ಸಿಕ್ಕವು. ಒಂದು ಅಪ್ಪನ ಕಸಿ ಚಾಕು. ಕಟ್ಟಿಗೆ ಹಿಡಿಕೆ, ಸವೆದು ಅರ್ಧವಾದ ಕಪ್ಪು ಅಲಗು, ಅಲ್ಲಲ್ಲಿ ಕೆಂಪು ತುಕ್ಕು. ಸ್ಪ್ರಿಂಗ್ ಬಿಗಿಯಾಗಿ ತೆರೆಯಲು ಕಷ್ಟ. ಎರಡನೆಯದು ಅಜ್ಜನದು. ಅವರು ನಿಜಾಮರ ಕಾಲದಲ್ಲಿ ಪಟ್ವಾರಿ, ಅಂದರೆ ಊರಿನ ಲೆಕ್ಕ ಬರೆಯುವವರು, ಆಗಿದ್ದರು. ಬಿಳಿ-ಹಳದಿ ಹಿಡಿಕೆ, ಆನೆದಂತದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಅಲಗಿನ ಬುಡದಲ್ಲಿ ಶೆಫೀಲ್ಡ್ (ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಊರು) ಅಂತ ಅಚ್ಚಿದೆ. ಮೂರನೆಯದು ಅಣ್ಣ ಸಣ್ಣವನಿದ್ದಾಗ ಗವಿಮಠದ ಜಾತ್ರೆಯಲ್ಲಿ ಅಪ್ಪ ಅವನಿಗೆ ಕೊಡಿಸಿದ್ದು. ಡಬ್ಬಿ ತೆಗೆದರೆ ಕರ್ಪೂರದಂಥ ವಾಸನೆ, ಜೊತೆಗೆ ಏನೋ ಹುಳಿ ಘಾಟು. ಅಣ್ಣ ಬೆಂಗಳೂರಿನಲ್ಲಿದ್ದಾನೆ. ಮೂರನ್ನೂ ಬಫಿಂಗ್ (ತಿರುಗುವ ಚಕ್ರಕ್ಕೆ ಹಿಡಿದು ಹೊಳಪು) ಮಾಡಿಸಿ, ನಿಕಲ್ ಲೇಪ ಹಾಕಿಸಿ, ಗಾಜಿನ ಫ್ರೇಮಿನಲ್ಲಿ ಕೂರಿಸಿ ವರ್ಷದ ಪುಣ್ಯಸ್ಮರಣೆಗೆ ತರುತ್ತೇನೆ ಅನ್ನುತ್ತಾನೆ. ನನಗೆ ಅವುಗಳನ್ನು ಮುಟ್ಟಲೂ ಮನಸ್ಸಿಲ್ಲ. ಅವ್ವ, ‘ಹಂಗ ಇರ್ಲಿ ಬಿಡ್ರಿ, ಅವರ ಕೈ ಅದರಾಗ ಐತಿ’ ಅನ್ನುತ್ತಾಳೆ. ಅಪ್ಪ ಹಾಸಿಗೆ ಹಿಡಿದಿದ್ದ ಎರಡು ವರ್ಷದಲ್ಲಿ ನಾಲ್ಕು ಸಲ ಬಂದವನಿಗೆ ಈಗ ಯಾಕೆ ಇಷ್ಟು ಉಮೇದು? ಮಾತು ಬೆಳೆದು ಹದಿನೈದು ದಿನದಿಂದ ಫೋನೂ ಇಲ್ಲ. ಏನು ಮಾಡಲಿ?

ಉತ್ತರ: ತಂಗೀ, ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಎದ್ದು ಹೋಗಿ ಆ ಡಬ್ಬಿಯಿಂದ ಅಜ್ಜನ ಚಾಕು ಹೊರಗೆ ತೆಗೆದು, ಬೇರೆ ಕಡೆ ಇಟ್ಟು ಬನ್ನಿ. ಜಗಳ ಆಮೇಲೆ ನೋಡೋಣ.

ಯಾಕೆ ಅಂತೀರಾ? ನೀವು ಬರೆದ ವಾಸನೆಯಿಂದ. ದಂತಕ್ಕೆ ಕರ್ಪೂರದ ವಾಸನೆ ಇರುವುದಿಲ್ಲ. ಹಳೇ ಕಾಲದ ಪ್ಲಾಸ್ಟಿಕ್ಕಾದ ಸೆಲ್ಯುಲಾಯ್ಡ್‌ಗೆ ಇರುತ್ತದೆ. ಅದನ್ನು ಮಾಡುವುದೇ ನೈಟ್ರೋಸೆಲ್ಯುಲೋಸ್ ಅನ್ನುವ ವಸ್ತುವಿಗೆ ಕರ್ಪೂರ ಬೆರೆಸಿ. 19ನೇ ಶತಮಾನದ ಕೊನೆಯಿಂದ ದಂತದ ಬದಲಿಗೆ ಬಾಚಣಿಗೆಗೆ, ಗುಂಡಿಗೆ, ಚಾಕುವಿನ ಹಿಡಿಕೆಗೆ ಇದನ್ನೇ ಹಾಕುತ್ತಿದ್ದರು. ನೋಡಲು ದಂತದ ಹಾಗೇ ಇರುತ್ತದೆ. ಆದರೆ ವಯಸ್ಸಾದ ಮೇಲೆ ಒಳಗಿಂದಲೇ ಕೆಡಲು ಶುರುವಾಗುತ್ತದೆ, ಹುಳಿ ಘಾಟಿನ ಆವಿ ಬಿಡುತ್ತದೆ. ಆ ಆವಿ ಆಮ್ಲ. ಮುಚ್ಚಿದ ಡಬ್ಬಿಯಲ್ಲಿ ಅದು ಹೋಗುವುದೆಲ್ಲಿಗೆ? ಪಕ್ಕದ ಕಬ್ಬಿಣದ ಮೇಲೆ ಕೂರುತ್ತದೆ. ನಿಮ್ಮ ಅಪ್ಪನ ಚಾಕುವಿಗೆ ಕೆಂಪು ತುಕ್ಕು ಹಿಡಿಸುತ್ತಿರುವುದು ಬಹುಶಃ ಅಜ್ಜನ ಚಾಕುವೇ.

ಟ್ರಂಕಿನಲ್ಲಿ ನುಸಿಗುಳಿಗೆ ಇತ್ತು, ಅದರ ವಾಸನೆ ಇರಬಹುದು ಅನ್ನಬೇಡಿ. ಪರೀಕ್ಷೆ ಸುಲಭ. ಅಜ್ಜನ ಚಾಕುವನ್ನು ಒಂದೆರಡು ದಿನ ಗಾಳಿಗೆ ಇಡಿ. ಆಮೇಲೆ ಹಿಡಿಕೆಯನ್ನು ಹೆಬ್ಬೆರಳಿನಿಂದ ಬಿಸಿಯಾಗುವ ತನಕ ತಿಕ್ಕಿ ಮೂಸಿ ನೋಡಿ. ಆಗಲೂ ಕರ್ಪೂರ ಬಂದರೆ ಅನುಮಾನ ಬೇಡ. ಕಾಸಿದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಹಳೇ ಸಿನಿಮಾ ರೀಲುಗಳು ಭಗ್ಗನೆ ಉರಿಯುತ್ತಿದ್ದುದು ಇದೇ ಜಾತಿಯ ವಸ್ತುವಿನಿಂದ. ಒಂದು ವೇಳೆ ಅದು ನಿಜವಾದ ದಂತವೇ ಆಗಿದ್ದರೂ ನೀವು ಬೀಗುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಆನೆದಂತ ಮಾರುವುದು ಅಪರಾಧ, ಮನೆಯಲ್ಲಿ ಇಟ್ಟುಕೊಳ್ಳಲೂ ದಾಖಲೆ ಬೇಕು. ಹಾಗಾಗಿ ಅದು ಕರ್ಪೂರದ್ದೇ ಆಗಿರಲಿ ಅಂತ ನಾನು ಹಾರೈಸುತ್ತೇನೆ.

ಅಜ್ಜನ ಚಾಕುವಿಗೆ ಗಾಳಿ ಬೇಕು, ತಂಪು ಬೇಕು, ಬಿಸಿಲು ಬೇಡ. ಪ್ಲಾಸ್ಟಿಕ್ ಕವರು, ಬಿಗಿ ಮುಚ್ಚಳದ ಡಬ್ಬಿ ಎರಡೂ ಬೇಡ. ತಗಡಿನ ಮಾಡಿನ ಕೆಳಗಿನ ಕಬ್ಬಿಣದ ಬೀರು ಅಂತೂ ಬೇಡವೇ ಬೇಡ. ನಮ್ಮ ಕಡೆ ಮೇ ತಿಂಗಳಲ್ಲಿ ಅದರೊಳಗೆ ಹಪ್ಪಳ ಒಣಗಿಸಬಹುದು. ಕೆಳಗಿನ ಕೋಣೆಯ ಗೋಡೆ ಗೂಡಿನಲ್ಲಿ ಒಂದು ಬಿಳಿ ಕಾಗದ ಹಾಸಿ, ಒಲೆ-ದೀಪದಿಂದ ದೂರ ಇಡಿ. ಅದಕ್ಕೆ ಪಾಲಿಶೂ ಬೇಡ, ರಿಪೇರಿಯೂ ಬೇಡ. ಆ ಹಿಡಿಕೆ ಇನ್ನೆಷ್ಟು ವರ್ಷ ಬಾಳುತ್ತದೋ ಅಷ್ಟು ಬಾಳಲಿ. ಅಂದಹಾಗೆ ಪಟ್ವಾರಿ ಮನೆಯಲ್ಲಿ ಇಂಥ ಚಾಕು ಇರುವುದು ಸಹಜವೇ. ಕಲಮಿನ ಮೊನೆ ಹೆರೆಯಲು ಇನ್ನೇನು ಬೇಕು?

ಈಗ ಅಪ್ಪನ ಚಾಕು. ನಿಮ್ಮ ಪತ್ರ ಓದುವಾಗ ನನಗೆ ಅನ್ನಿಸಿದ್ದು ಇಷ್ಟು. ನೀವೂ ಅಣ್ಣನೂ ಎರಡು ಬಣ್ಣವನ್ನು ಒಂದೇ ಮಾಡಿಕೊಂಡಿದ್ದೀರಿ. ಅಣ್ಣನಿಗೆ ಎರಡೂ ಕೊಳೆ, ನಿಮಗೆ ಎರಡೂ ನೆನಪು. ಕಪ್ಪು ಬೇರೆ, ಕೆಂಪು ಬೇರೆ ತಂಗೀ.

ಹಿಂದಿನವರು ಅಳಲೆಕಾಯಿಯ ಒಗರು ರಸಕ್ಕೆ ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದರು, ಗೊತ್ತಲ್ವಾ? ಮಾವಿನ ತೊಗಟೆಯಲ್ಲೂ ಅಂಥದೇ ಒಗರು ಇದೆ. ಅಪ್ಪ ಮಾವಿನ ಕಡ್ಡಿ ಸೀಳಿದಾಗೆಲ್ಲ ಅಲಗಿನ ಮೇಲೆ ಒಂದಿಷ್ಟು ಶಾಯಿ ಹುಟ್ಟಿದೆ. ಆ ನೀಲಿಗಪ್ಪು ಕೊಳೆಯಲ್ಲ, ಅಲಗಿಗೆ ಕೆಡಕೂ ಮಾಡುವುದಿಲ್ಲ, ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಅದು ಇರಲಿ. ಕೆಂಪು ಹಾಗಲ್ಲ. ಅದು ಅಲಗನ್ನು ತಿನ್ನುತ್ತಾ ಹೋಗುತ್ತದೆ. ಮುಟ್ಟದೆ ಹಾಗೇ ಬಿಟ್ಟರೆ ಕೆಲವು ವರ್ಷಕ್ಕೆ ಅಲಗಿನ ತುಂಬ ಗುಂಡಿ ಬೀಳುತ್ತದೆ, ಅವ್ವ ಹೇಳುವ ‘ಕೈ’ಯೂ ಅದರ ಜೊತೆ ಹೋಗುತ್ತದೆ. ತುಕ್ಕು ನಿಲ್ಲಿಸುವುದಕ್ಕೂ ಹೊಸದು ಮಾಡಿಸುವುದಕ್ಕೂ ಸಂಬಂಧವೇ ಇಲ್ಲ. ಕಾಯಿಲೆಯವರಿಗೆ ಔಷಧಿ ಕೊಟ್ಟರೆ ಮುಖಕ್ಕೆ ಬಣ್ಣ ಬಳಿದ ಹಾಗಾಗುತ್ತದಾ?

ಮೊದಲು ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ. ಆಮೇಲೆ ಅಲಗು ಮಡಚುವ ಕೀಲಿಗೆ ಎರಡು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಮರುದಿನ ಅಲಗು ತೆರೆದು ಒರೆಸಿ, ಮತ್ತೆ ಬಿಡಿ. ಜಬರದಸ್ತಿ ಮಾಡಬೇಡಿ, ಬೆರಳು ಜೋಪಾನ. ಕೆಂಪು ಕಲೆಗಳ ಮೇಲೂ ಅದೇ ಎಣ್ಣೆ ಹಚ್ಚಿ, ಒಂದು ಹಳೇ ತಾಮ್ರದ ಕಾಸಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆತ್ತಗೆ. ತುಕ್ಕು ಏಳುತ್ತದೆ, ಅಲಗಿಗೆ ಗೀರು ಬೀಳುವುದಿಲ್ಲ. ಹಳೇ ಪಂಚೆ ತುಂಡಿನಿಂದ ಒರೆಸಿ, ತೆಳ್ಳಗೆ ಎಣ್ಣೆ ಸವರಿದರೆ ಮುಗಿಯಿತು. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಬೇಡ, ದಿನ ಕಳೆದಂತೆ ಕಮಟಾಗುತ್ತದೆ. ಹುಣಸೆಹಣ್ಣು, ನಿಂಬೆಹಣ್ಣು ಹಿತ್ತಾಳೆಗೆ ಸರಿ, ಇದಕ್ಕಲ್ಲ. ಹುಳಿ ಬಿದ್ದರೆ ಆ ಶಾಯಿ ಬಣ್ಣ ಒಂದೇ ಗಳಿಗೆಯಲ್ಲಿ ಹೋಗುತ್ತದೆ. ಹಿಡಿಕೆಯನ್ನು ನೀರಲ್ಲಿ ನೆನೆಸಲೇಬೇಡಿ, ಕಟ್ಟಿಗೆ ಉಬ್ಬಿ ಸೀಳುತ್ತದೆ. ಮಹಾನವಮಿಗೆ ಪೂಜೆಗಿಟ್ಟರೆ ಕುಂಕುಮವನ್ನು ಹಿಡಿಕೆಗೆ ಹಚ್ಚಿ. ಅಲಗಿಗೇ ಹಚ್ಚಬೇಕು ಅಂತ ಅವ್ವ ಹಟ ಮಾಡಿದರೆ ಹಚ್ಚಲಿ, ರಾತ್ರಿಯೊಳಗೆ ಒರೆಸಿಬಿಡಿ.

ಬಫಿಂಗ್ ಯಾಕೆ ಬೇಡ ಅನ್ನುವುದಕ್ಕೆ ನನ್ನ ಮನೆಯದೇ ಕಥೆ ಇದೆ. ನಮ್ಮವ್ವನ ಹಿತ್ತಾಳೆ ತಂಬಿಗೆ. ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆಸಿದ್ದರು. ಇಲ್ಲೇ ಬಳ್ಳಾರಿಯ ಒಂದು ಅಂಗಡಿಗೆ ಪಾಲಿಶ್‌ಗೆ ಕೊಟ್ಟೆ. ಬಂಗಾರದ ಹಾಗೆ ಹೊಳೆಯುತ್ತಾ ಬಂತು. ಹೆಸರಿನಲ್ಲಿ ಮೊದಲಿನ ಎರಡು ಅಕ್ಷರ ಉಳಿದಿತ್ತು, ಮಿಕ್ಕಿದ್ದು ನುಣ್ಣಗೆ. ಅಂಗಡಿಯವನದು ತಪ್ಪಿಲ್ಲ ಬಿಡಿ, ಹೊಳೆಯಬೇಕು ಅಂದವಳು ನಾನೇ. ಆ ತಂಬಿಗೆ ಈಗಲೂ ಇದೆ, ನೀರು ಕುಡಿಯಲು ಮನಸ್ಸಾಗುವುದಿಲ್ಲ.

ಚಾಕುವಿಗೆ ಇನ್ನೂ ಜಾಸ್ತಿ ಅಪಾಯ. ಶೆಫೀಲ್ಡ್ ಅಂತ ಇರುವ ಅಚ್ಚು ಮೇಲ್ಮೇಲೆ ಇರುವಂಥದು, ಚಕ್ರಕ್ಕೆ ಹಿಡಿದರೆ ಅಳಿಸಿಹೋಗುತ್ತದೆ. ಅಲಗು ಚಕ್ರದ ಮೇಲೆ ಕಾದು ಒಂದು ಕ್ಷಣ ನೀಲಿಯಾದರೆ ಹದ ಹೋಯಿತು ಅಂತಲೇ ಲೆಕ್ಕ. ಆಮೇಲೆ ಎಷ್ಟು ಸಾಣೆ ಹಿಡಿದರೂ ಬಾಯಿ ನಿಲ್ಲುವುದಿಲ್ಲ. ನಿಕಲ್ ಹಾಕುವ ಮೊದಲು ಆಮ್ಲದಲ್ಲಿ ಅದ್ದುತ್ತಾರೆ, ಆ ಕಪ್ಪು ಪೂರಾ ಹೋಗುತ್ತದೆ. ಅಜ್ಜನ ಚಾಕುವಿನ ಹಿಡಿಕೆಯನ್ನು ಬಫಿಂಗ್ ಚಕ್ರದ ಬಿಸಿಗೆ ಒಡ್ಡುವುದಂತೂ ಬೆಂಕಿಯ ಜೊತೆ ಆಟ. ಇದನ್ನು ಅಣ್ಣನಿಗೆ ಇವತ್ತೇ ತಿಳಿಸಿ, ಜಗಳ ಇರಲಿ ಬಿಡಲಿ.

ಹಾಗಂತ ಅಪ್ಪನ ಚಾಕು ಗೂಡು ಸೇರಬೇಕು ಅಂತ ನಾನು ಹೇಳುವುದಿಲ್ಲ. ಅದು ಕೆಲಸದ ಸಾಮಾನು. ನಿಮ್ಮ ಹಿತ್ತಲಲ್ಲಿ ಮಾವಿನ ಸಸಿ ಇದ್ದರೆ, ಮಳೆಗಾಲದಲ್ಲಿ ಅಪ್ಪನ ಜೊತೆ ಕೆಲಸ ಮಾಡಿದ ಯಾರನ್ನಾದರೂ ಕರೆಸಿ, ಅದೇ ಚಾಕುವಿನಲ್ಲಿ ನಾಲ್ಕು ಕಸಿ ಕಟ್ಟಿಸಿ. ಸಾಣೆ ಅವರೇ ಹಿಡಿಯಲಿ, ಕಲ್ಲಿನ ಮೇಲೆ, ಕೈಯಿಂದ. ಬೀದಿಯ ಸಾಣೆಯವನಿಗೆ ಕೊಡಬೇಡಿ. ಕಸಿ ಚಾಕುವಿಗೆ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ಇಳಿಜಾರು ಇರುತ್ತದೆ, ಇನ್ನೊಂದು ಮಗ್ಗುಲು ಚಪ್ಪಟೆ. ಹಾಗಿದ್ದರೇನೇ ಕಡ್ಡಿಯ ಸೀಳು ಸಪಾಟಾಗಿ ಬಂದು ಎರಡೂ ತುಂಡು ಕೂಡಿಕೊಳ್ಳುವುದು. ಗೊತ್ತಿಲ್ಲದವರು ಎರಡೂ ಕಡೆ ಉಜ್ಜಿ ಅಡುಗೆಮನೆ ಚಾಕು ಮಾಡಿ ಕೊಡುತ್ತಾರೆ.

ಜಾತ್ರೆಯ ಚಾಕು ನಿಮ್ಮದಲ್ಲ. ಅಪ್ಪ ಅದನ್ನು ಅಣ್ಣನಿಗೆ ಕೊಡಿಸಿದ್ದು, ನೀವೇ ಬರೆದಿದ್ದೀರಿ. ಅದನ್ನು ಅವರ ಕೈಗೆ ಕೊಟ್ಟುಬಿಡಿ. ಬಫಿಂಗ್ ಮಾಡಿಸಲಿ, ಚಿನ್ನದ ನೀರು ಹಾಕಿಸಲಿ, ಫ್ರೇಮ್ ಕಟ್ಟಿಸಲಿ, ಚಕಾರ ಎತ್ತಬೇಡಿ.

ನಿಮಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ಚಾಕು ಹೇಗಿವೆ ಅಂತ ತಣ್ಣಗೆ ಬರೆದಿದ್ದೀರಿ. ಅಣ್ಣ ಎಷ್ಟು ಸಲ ಬಂದ ಅನ್ನುವ ಸಾಲಿನ ಕೆಳಗೆ ಮಾತ್ರ ಪೆನ್ನು ಒತ್ತಿ ಗೆರೆ ಎಳೆದಿದ್ದೀರಿ, ಕಾಗದ ಹರಿದಿದೆ. ಆ ಎರಡು ವರ್ಷದ ಲೆಕ್ಕ ನಿಮಗೆ ಬೇಕಾಗಿದೆ, ಕೇಳುವ ಹಕ್ಕೂ ಇದೆ. ಅದನ್ನು ನೇರವಾಗಿ ಕೇಳಿ. ಚಾಕುವಿನ ನೆಪದಲ್ಲಿ ಕೇಳಿದರೆ ಅವರು ಚಾಕುವಿನ ಬಗ್ಗೆಯೇ ಉತ್ತರ ಕೊಡುತ್ತಾರೆ. ಅವರ ಉಮೇದು ನಾಟಕ ಅಂತಲೂ ನನಗೆ ಅನ್ನಿಸುವುದಿಲ್ಲ. ಹತ್ತಿರ ಇರಲು ಆಗದವರಿಗೆ ಆಮೇಲೆ ಕೈ ಸುಮ್ಮನಿರುವುದಿಲ್ಲ, ಏನಾದರೂ ಮಾಡಬೇಕು ಅನ್ನಿಸುತ್ತದೆ. ಆ ಕೈಗೆ ತಾಮ್ರದ ಕಾಸು, ಎಣ್ಣೆ ಶೀಸೆ ಕೊಡಿ. ತುಕ್ಕು ಕೆರೆಯುವುದು ಎರಡು ತಾಸಿನ ಕೆಲಸ, ಎದುರಾಬದುರು ಕೂತು ಮಾಡಬಹುದು.

ಫೋನು ಹೇಗೆ ಶುರು ಮಾಡುವುದು ಅಂತ ತೋಚದಿದ್ದರೆ ಇದನ್ನು ಕೇಳಿ: ಅಪ್ಪ ಕಸಿ ಕಟ್ಟುವಾಗ ಯಾವ ಕೈಯಲ್ಲಿ ಚಾಕು ಹಿಡಿಯುತ್ತಿದ್ದರು? ಎಡಗೈಯವರ ಕಸಿ ಚಾಕುವಿಗೆ ಇಳಿಜಾರು ಇನ್ನೊಂದು ಮಗ್ಗುಲಿಗೆ ಇರುತ್ತದೆ, ಸಾಣೆ ಹಿಡಿಯುವವರು ಅದನ್ನು ಕೇಳೇ ಕೇಳುತ್ತಾರೆ. ನಿಮ್ಮಿಬ್ಬರ ಉತ್ತರ ಬೇರೆ ಬೇರೆಯಾದರೆ ಅವ್ವನ ಕೈಗೆ ಒಂದು ಮಾವಿನ ಕಡ್ಡಿ, ಒಂದು ಪೆನ್ಸಿಲ್ ಕೊಟ್ಟು, ಹೇಗೆ ಹಿಡಿಯುತ್ತಿದ್ದರು ತೋರಿಸವ್ವ ಅನ್ನಿ. ಚಾಕುವನ್ನೇ ಕೊಡಬೇಡಿ. ಕೀಲಿಗೆ ಇನ್ನೂ ಎಣ್ಣೆ ಬಿಟ್ಟಿಲ್ಲ.