ಕಾಗದಕ್ಕೆ ತಿರುವನಂತಪುರ, ಕಾಯಿಲೆಗೆ ಮಂಗಳೂರು

ಕಾಸರಗೋಡಿನ ಕನ್ನಡಿಗರು ಈಗ ಹೇಗಿದ್ದಾರೆ, ಕರ್ನಾಟಕಕ್ಕೆ ಸೇರಬೇಕೆಂಬ ಆಸೆ ಇನ್ನೂ ಉಳಿದಿದೆಯೇ ಎಂದು ತಾವು ಕೇಳಿದ್ದೀರಿ. ಘಟ್ಟದ ಮೇಲಿನವರು ನಮ್ಮನ್ನು ಕಂಡಾಗ ಮೊದಲು ಕೇಳುವುದೂ ಇದನ್ನೇ. ಆಸೆಯ ಮಾತನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮುಂಚೆ ಇಲ್ಲಿಯ ಬದುಕು ದಿನನಿತ್ಯ ಹೇಗೆ ಸಾಗುತ್ತದೆಂಬುದು ತಮಗೆ ತಿಳಿದಿರಬೇಕು. ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಗಡಿ ವಿವಾದಕ್ಕೆಂದು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಜಾರಿಗೆ ಬರಲಿಲ್ಲ, 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಚರಿತ್ರೆ ಇಷ್ಟು ಸಾಕು.

ನಮ್ಮ ರೇಷನ್ ಕಾರ್ಡು, ಭೂಮಿಯ ದಾಖಲೆ, ಮಕ್ಕಳ ಸರ್ಟಿಫಿಕೇಟು, ವೃದ್ಧರ ಪಿಂಚಣಿ ಇವೆಲ್ಲವೂ 550 ಕಿಲೋಮೀಟರಿಗೂ ದೂರದ ತಿರುವನಂತಪುರದ ಆಡಳಿತಕ್ಕೆ ಸೇರಿದವು. ಈ ಆಡಳಿತವನ್ನು ಬೈದರೇ ಕನ್ನಡಾಭಿಮಾನ ಎಂದುಕೊಂಡವರು ನಮ್ಮಲ್ಲಿಯೂ ಇದ್ದಾರೆ, ನಾನು ಆ ಗುಂಪಿನವನಲ್ಲ. ಪಂಚಾಯತಿಗೆ ಇಲ್ಲಿ ನಿಜವಾದ ಅಧಿಕಾರವೂ ಹಣವೂ ಇದೆ. ತಿಂಗಳಿಗೊಮ್ಮೆ ಹರಿತ ಕರ್ಮ ಸೇನೆಯ ಹೆಂಗಸರು ಗುಡ್ಡದ ತುದಿಯ ಮನೆಗೂ ಹತ್ತಿ ಬಂದು ಪ್ಲಾಸ್ಟಿಕ್ ಕಸವನ್ನು ಒಯ್ಯುತ್ತಾರೆ. ಹೆಂಗಸರ ಸ್ವಸಹಾಯ ಸಂಘಗಳ ಕೂಟವಾದ ಕುಟುಂಬಶ್ರೀಯ ಸಾಲದಿಂದ ಹೊಲಿಗೆ ಮೆಷಿನ್ ಕೊಂಡವರು, ಹಪ್ಪಳ ಸಂಡಿಗೆ ಮಾಡಿ ಮಾರುವವರು ಊರೂರಿನಲ್ಲಿದ್ದಾರೆ. 1600 ರೂಪಾಯಿಯಿದ್ದ ಕ್ಷೇಮ ಪಿಂಚಣಿಯನ್ನು 2025ರ ನವೆಂಬರಿನಿಂದ 2000 ಮಾಡಿದಾಗ ನಮ್ಮ ಓಣಿಯ ಅಜ್ಜಿಯಂದಿರು ಅದು ಯಾವ ರಾಜ್ಯದ ಹಣವೆಂದು ವಿಚಾರಿಸಲಿಲ್ಲ.

ಆದರೆ ಎದೆನೋವು ಬಂದರೆ ನಾವು ಹೊರಡುವುದು ಮಂಗಳೂರಿಗೆ. ಜಿಲ್ಲೆಯ ಸರಕಾರಿ ವೈದ್ಯಕೀಯ ಕಾಲೇಜಿಗೆ ಉಕ್ಕಿನಡ್ಕದಲ್ಲಿ 2013ರಲ್ಲೇ ಶಂಕುಸ್ಥಾಪನೆಯಾದರೂ ದೊಡ್ಡ ಕಾಯಿಲೆಗೆ ದಾರಿ ಇಂದಿಗೂ ಗಡಿಯ ತಲಪಾಡಿಯ ಮೂಲಕವೇ. ಅಡಿಕೆಯ ವ್ಯವಹಾರವೂ ಹಾಗೆಯೇ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತಿನ ಮದ್ದು ಬಿಟ್ಟು, ಚಳಿಗಾಲದಲ್ಲಿ ಕೊಯಿಲು ಮಾಡಿ, ಅಂಗಳದಲ್ಲಿ ಒಣಗಿಸಿ, ಸುಲಿದು ಗೋಣಿ ತುಂಬಿಸಿದ ಬಳಿಕ ಹೊಸ ಅಡಿಕೆಗೆ ಎಷ್ಟು, ದಾಸ್ತಾನಿಟ್ಟ ಹಳೆಯ ಅಡಿಕೆಗೆ, ಅಂದರೆ ಡಬ್ಬಲ್ ಚೋಲಿಗೆ, ಎಷ್ಟು ಎಂದು ನಾವು ನೋಡುವುದು ಮಂಗಳೂರಿನ ಧಾರಣೆಯನ್ನು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಸ್ಥೆಯಾದುದರಿಂದ ಅಲ್ಲಿ ಗಡಿಯ ಮಾತೇ ಬರುವುದಿಲ್ಲ. ಹೆಣ್ಣು ಕೊಡುವುದು, ತರುವುದು ಪುತ್ತೂರು, ವಿಟ್ಲ, ಸುಳ್ಯದ ಕಡೆಯೇ ಹೆಚ್ಚು. ಇದರಿಂದ ಒಂದು ಸಣ್ಣ ಫಜೀತಿಯೂ ಇದೆ: ಅಲ್ಲಿಯ ಮಕ್ಕಳಿಗೆ ದಸರೆಗೆ ಉದ್ದ ರಜೆ, ನಮ್ಮ ಮಕ್ಕಳಿಗೆ ಓಣಂ ಮತ್ತು ಕ್ರಿಸ್‌ಮಸ್‌ಗೆ ಹತ್ತು ಹತ್ತು ದಿನ, ಹಾಗಾಗಿ ಬೇಸಗೆಯ ರಜೆ ಬರುವವರೆಗೆ ಅಕ್ಕ ತಂಗಿಯರ ಮಕ್ಕಳು ಅಜ್ಜನ ಮನೆಯಲ್ಲಿ ಒಟ್ಟಾಗುವುದೇ ಇಲ್ಲ.

ಈ ಇಬ್ಬಗೆಯ ಬದುಕು ಎಷ್ಟು ನಾಜೂಕಿನದೆಂದು ನಮಗೆ ಅರಿವಾದದ್ದು 2020ರ ಮಾರ್ಚಿನಲ್ಲಿ. ಕೊರೋನಾ ಹರಡದಂತೆ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರು, ಹೃದಯದ ಕಾಯಿಲೆಯವರು ತಲಪಾಡಿಯಿಂದಲೇ ಹಿಂತಿರುಗಬೇಕಾಯಿತು. ಚಿಕಿತ್ಸೆ ಸಿಗದೆ ಹಲವರು ತೀರಿಹೋದರೆಂದು ಆಗ ಪತ್ರಿಕೆಗಳು ಬರೆದವು. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದ ಮೇಲೆ ತುರ್ತು ರೋಗಿಗಳಿಗೆ ದಾರಿ ಬಿಡಲಾಯಿತು. ಸಾಂಕ್ರಾಮಿಕದ ಭಯ ಎಲ್ಲರಿಗೂ ಇತ್ತೆಂಬುದನ್ನು ಒಪ್ಪುತ್ತೇನೆ. ಆದರೂ ತಾಯ್ನಾಡು ಎಂದು ನಾವು ಹೇಳಿಕೊಂಡು ಬಂದ ಕಡೆಯಿಂದಲೇ ಆ ಮಣ್ಣಿನ ರಾಶಿ ಬಿದ್ದದ್ದನ್ನು ಇಲ್ಲಿಯವರು ಮರೆತಿಲ್ಲ.

ಈಗಿನ ತಾಪತ್ರಯ ರಸ್ತೆಯದೇ ಇನ್ನೊಂದು ಬಗೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿಯನ್ನು ಊರಾಳುಂಗಲ್ ಕಾರ್ಮಿಕರ ಸಹಕಾರಿ ಸಂಘ ಚೆನ್ನಾಗಿಯೇ ಕಟ್ಟಿದೆ. ಆದರೆ ತಲಪಾಡಿಯಲ್ಲಿ ಒಂದು ಟೋಲ್ ಗೇಟ್ ಇರುವಾಗಲೇ ಕುಂಬಳೆಯ ಆರಿಕ್ಕಾಡಿಯಲ್ಲಿ ಮತ್ತೊಂದನ್ನು ನಿಲ್ಲಿಸಿದ್ದರಿಂದ ಜನ ಬೀದಿಗಿಳಿದರು. ಆಸ್ಪತ್ರೆಗೆ ಹೋಗಿಬರುವ ದಾರಿಯಲ್ಲಿ ಎರಡೆರಡು ಕಡೆ ಹಣ ಕಟ್ಟುವುದು ಯಾರಿಗೆ ತಾನೇ ಹಿತ?

ಇನ್ನು ನಿಜವಾದ ಕುಂದುಕೊರತೆಗೆ ಬರುತ್ತೇನೆ. ನಮ್ಮ ದೊಡ್ಡಮ್ಮನ ಮನೆಮಾತು ಹವ್ಯಕ, ಆಳುಗಳೊಡನೆ ತುಳು, ಪೇಟೆಯಲ್ಲಿ ಸರಾಗ ಮಲಯಾಳಂ; ಓದು ಬರಹ ಮಾತ್ರ ಕನ್ನಡ. ಕಚೇರಿಯೊಂದರಿಂದ ಅವರಿಗೆ ಜಾಗದ ವಿಷಯವಾಗಿ ನೋಟೀಸು ಬಂತು, ಪೂರ್ತಿ ಮಲಯಾಳಂ ಲಿಪಿಯಲ್ಲಿ. ನೆರೆಮನೆಯ ಪ್ಲಸ್ ಟು ಹುಡುಗ ಅದನ್ನು ಓದಿ ತುಳುವಿನಲ್ಲಿ ಅರ್ಥ ಹೇಳಿದ. ದೊಡ್ಡಮ್ಮ ಅದೇ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ತೀರ್ವೆ ರಶೀದಿ, ಆಧಾರ್, ಹಳೆ ಆಧಾರಪತ್ರ, ಸೋಮವಾರ’ ಎಂದು ಕನ್ನಡದಲ್ಲಿ ಬರೆದಿಟ್ಟುಕೊಂಡರು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಹೇಳುತ್ತದೆ. ಕಾಯಿದೆಯಲ್ಲಿ ಇರುವುದು ಕೌಂಟರಿನಲ್ಲಿ ಸಿಗಬೇಕಾದರೆ ಆ ಕುರ್ಚಿಯಲ್ಲಿ ಕನ್ನಡ ಬಲ್ಲವರೊಬ್ಬರು ಕುಳಿತಿರಬೇಕು. ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬಂದು, ಊರಿಗೆ ಮರಳುವ ದಿನವನ್ನೇ ಕಾಯುವ ನೌಕರರಿಂದ ಅದು ಆಗುವ ಕೆಲಸವಲ್ಲ, ಅವರನ್ನು ದೂರಿ ಪ್ರಯೋಜನವೂ ಇಲ್ಲ.

ಶಾಲೆಯಲ್ಲಿ ಇದರ ಪೆಟ್ಟು ಇನ್ನೂ ಜೋರು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸಿದ ಪ್ರಕರಣಗಳ ವಿರುದ್ಧ ಹೆತ್ತವರು ಮತ್ತೆ ಮತ್ತೆ ಪ್ರತಿಭಟಿಸಿದ್ದಾರೆ. ಗಣಿತವನ್ನು ಬೋರ್ಡಿನಲ್ಲಿ ಅಂಕಿ ಬರೆದು ಹೇಗೋ ದಾಟಿಸಬಹುದು. ಸಮಾಜ ವಿಜ್ಞಾನವನ್ನು ಕೈಸನ್ನೆಯಲ್ಲಿ ಕಲಿಸಲು ಬರುವುದಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯವಾದಾಗಲೂ, 2025ರಲ್ಲಿ ಮಲಯಾಳಂ ಭಾಷಾ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾದಾಗಲೂ ನಮ್ಮವರು ಆತಂಕಪಟ್ಟದ್ದು ಮಲಯಾಳಂ ಮೇಲಿನ ದ್ವೇಷದಿಂದಲ್ಲ. ಆ ಭಾಷೆಯನ್ನು ನಾವು ದಿನವೂ ಆಡುತ್ತೇವೆ. ಅಲ್ಪಸಂಖ್ಯಾತರಿಗೆ ರಕ್ಷಣೆಯಿದೆ ಎಂದು ಸರಕಾರ ಹೇಳುತ್ತದೆ. ಆ ರಕ್ಷಣೆ ಎಷ್ಟರ ಮಟ್ಟಿಗಿನದೆಂಬುದು ಮುಂದಿನ ಅಧ್ಯಾಪಕ ನೇಮಕಾತಿಯಲ್ಲಿ ತಿಳಿಯುತ್ತದೆ.

ಕನ್ನಡವೆಂದರೆ ಇಲ್ಲಿ ಒಂದು ಜಾತಿಯ ಅಥವಾ ಒಂದು ಪಕ್ಷದ ಸೊತ್ತಲ್ಲವೆಂಬುದನ್ನೂ ಹೇಳಬೇಕು. 2021ರಲ್ಲಿ ಮಂಜೇಶ್ವರದಿಂದ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲಿ.

ಆಸೆಯ ಮಾತು ಉಳಿಯಿತು. ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ತಲೆಮಾರಿಗೆ ವಿಲೀನವು ಜೀವನದ ಹೋರಾಟವಾಗಿತ್ತು. ನನ್ನ ವಯಸ್ಸಿನವರು ಅದನ್ನು ಗೌರವದಿಂದ ನೆನೆಯುತ್ತಾರೆ, ಆದರೆ ಅದು ನಡೆದೀತೆಂದು ಮನೆಯ ಲೆಕ್ಕಾಚಾರ ಹಾಕುವವರು ಇಲ್ಲ. ಕರ್ನಾಟಕದಿಂದ ನಮಗೆ ಬೇಕಾದದ್ದು ನವೆಂಬರಿನ ಭಾಷಣವಲ್ಲ. ವೃತ್ತಿಶಿಕ್ಷಣದ ಸೀಟುಗಳಿಗೆ ಗಡಿನಾಡ ಕನ್ನಡಿಗರೆಂದು ನಮ್ಮ ಮಕ್ಕಳನ್ನೂ ಪರಿಗಣಿಸುವ ಅವಕಾಶವನ್ನು ಆ ಸರಕಾರ ಇಟ್ಟಿದೆ. ಸಿಇಟಿಯ ಜೊತೆಗೆ ಅಂಥವರಿಗಾಗಿ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತಾರೆ. ಪರೀಕ್ಷೆಗೆ ನಮ್ಮ ತಕರಾರಿಲ್ಲ. ಅದನ್ನು ಬರೆಯುವಷ್ಟು ಕನ್ನಡ ಕಲಿಸುವ ಮಾಸ್ತರರು ನಮ್ಮ ಶಾಲೆಗಳಲ್ಲಿ ಇರುವಂತೆ ಎರಡು ಸರಕಾರಗಳೂ ಕುಳಿತು ಮಾತಾಡಿದರೆ, ಗಡಿಯ ಗೆರೆ ಎಲ್ಲಿದೆಯೋ ಅಲ್ಲೇ ಇರಲಿ.