ಬಾಗಿಲ ಹಿಂದೆ ನಿಂತ ಕರಿಯ

ಪ್ರಶ್ನೆ: ನಮ್ಮ ನಾಯಿ ಕರಿಯನಿಗೆ 14 ವರ್ಷ. ಶೇಂಗಾ ಹೊಲ ಕಾಯುತ್ತಿದ್ದವನು ಈಗ ಮನೆಯಲ್ಲೇ ಇರುತ್ತಾನೆ. ನಾಲ್ಕು ತಿಂಗಳಿಂದ ಹಗಲೆಲ್ಲ ಮಲಗಿ, ರಾತ್ರಿ ಎರಡು ಗಂಟೆಗೆ ಎದ್ದು ಪಡಸಾಲೆಯಲ್ಲಿ ಸುತ್ತುತ್ತಾನೆ, ಗೋಡೆ ನೋಡಿ ಬೊಗಳುತ್ತಾನೆ. ಬಾಗಿಲಿನ ಬಿಜಾಗರಿಯ ಕಡೆ ಮೂತಿ ಇಟ್ಟು ನಿಂತುಬಿಡುತ್ತಾನೆ. ಎಂದೂ ಒಳಗೆ ಹೊಲಸು ಮಾಡದವನು ಅಡುಗೆಮನೆಯ ಮುಂದೆಯೇ ಉಚ್ಚೆ ಹೊಯ್ಯುತ್ತಾನೆ. ಊಟ, ನೀರು ಸರಿಯಾಗಿವೆ. ಹುಚ್ಚು ಹಿಡಿದಿದೆ, ದೂರ ಬಿಟ್ಟು ಬನ್ನಿ ಎನ್ನುತ್ತಾರೆ ನೆರೆಯವರು. ಏನು ಮಾಡಲಿ?
— ಓದುಗರು, ಕುಷ್ಟಗಿ

ಉತ್ತರ: ದಯವಿಟ್ಟು ಬಿಟ್ಟು ಬರಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ನಾಲ್ಕು ತಿಂಗಳಿಂದ ರೊಟ್ಟಿ ತಿಂದು ನೀರು ಕುಡಿಯುತ್ತಿರುವ ಕರಿಯನದು ಆ ಹುಚ್ಚಲ್ಲ ಎಂದು ನೆರೆಯವರಿಗೆ ಧೈರ್ಯವಾಗಿ ಹೇಳಿ. ವರ್ಷದ ಲಸಿಕೆ ಮಾತ್ರ ತಪ್ಪಿಸಬೇಡಿ.

ಬಿಜಾಗರಿಯ ಸಾಲನ್ನು ನಾನು ಎರಡು ಸಲ ಓದಿದೆ. ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದೇ ಅವನಿಗೆ ಮರೆತಿದೆ. ನಾವು ಅರಳುಮರಳು ಎನ್ನುವುದು ನಾಯಿಗಳಿಗೂ ಬರುತ್ತದೆ. ಮುಪ್ಪಿನಲ್ಲಿ ಮಿದುಳು ಕುಗ್ಗುತ್ತದೆ, ಅದರೊಳಗಿನ ದ್ರವ ತುಂಬಿದ ಕುಳಿಗಳು ಹಿಗ್ಗುತ್ತವೆ, ನರಕೋಶಗಳ ನಡುವೆ ಅಮೈಲಾಯ್ಡ್ ಎಂಬ ಪ್ರೋಟೀನ್ ಗಸಿಯಂತೆ ಕೂರುತ್ತದೆ. ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಸಿಗುವುದೂ ಇದೇ. 2001ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ 11-12 ವರ್ಷದ ನಾಯಿಗಳ ಪೈಕಿ ಶೇ 28ರಲ್ಲಿ, 15-16 ವರ್ಷದವುಗಳ ಪೈಕಿ ಶೇ 68ರಲ್ಲಿ ಇಂಥ ಒಂದಾದರೂ ಲಕ್ಷಣವಿತ್ತು.

ಯಲಬುರ್ಗಾದಲ್ಲಿ ನೌಕರಿಯಲ್ಲಿದ್ದಾಗ ನನ್ನ ಸ್ವಂತ ನಾಯಿ ಮುಪ್ಪಿನಲ್ಲಿ ಒಳಗೆ ಉಚ್ಚೆ ಹೊಯ್ದಿತ್ತು. ಪಶುವೈದ್ಯನಾಗಿಯೂ ಹಟವೆಂದು ತಿಳಿದು ಗದರಿದೆ. ಬಾಲ ಮುದುರಿಕೊಂಡು ಅದು ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. ಕರಿಯನನ್ನು ಬೈಯಬೇಡಿ, ಯಾಕೆ ಬೈಯುತ್ತೀರಿ ಎಂಬುದು ಅವನಿಗೆ ತಿಳಿಯುವುದಿಲ್ಲ.

ಆದರೆ ಎಲ್ಲವನ್ನೂ ಮುಪ್ಪಿನ ತಲೆಗೆ ಕಟ್ಟುವುದೂ ತಪ್ಪು. ಕೀಲುನೋವು, ಕಣ್ಣಿನ ಪೊರೆ, ಮೂತ್ರದ ಸೋಂಕು, ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಇವುಗಳಲ್ಲಿ ಯಾವುದಿದ್ದರೂ ನಾಯಿ ರಾತ್ರಿ ಚಡಪಡಿಸಬಹುದು, ಒಳಗೇ ಉಚ್ಚೆ ಮಾಡಬಹುದು. ಹಾಗಾಗಿ ಮೊದಲು ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಸೆಲೆಜಿಲಿನ್ ಎಂಬ ಔಷಧಿಗೆ ಅಮೆರಿಕದಲ್ಲಿ 1998ರಲ್ಲೇ ನಾಯಿಗಳ ಅರಳುಮರಳಿಗಾಗಿ ಒಪ್ಪಿಗೆ ಸಿಕ್ಕಿದೆ. ಅದು ಕಾಯಿಲೆಯನ್ನು ಅಳಿಸುವುದಿಲ್ಲ, ಕೆಲವು ನಾಯಿಗಳಿಗೆ ನೆಮ್ಮದಿ ಕೊಡುತ್ತದೆ. ಬೇರೆ ಕೆಲವು ಔಷಧಿಗಳ ಜೊತೆ ಅಪಾಯಕಾರಿಯಾದ್ದರಿಂದ ವೈದ್ಯರು ನೋಡಿಯೇ ಕೊಡಬೇಕು. ಮನೆಯ ಹಿರಿಯರ ನಿದ್ರೆಮಾತ್ರೆ, ನೋವಿನ ಮಾತ್ರೆಯನ್ನಂತೂ ಮುಟ್ಟಿಸಲೇಬೇಡಿ.

ಹೆಚ್ಚಿನ ಕೆಲಸ ನಿಮ್ಮ ಕೈಯಲ್ಲಿದೆ. ಮಂಚ, ನೀರಿನ ಬೋಗುಣಿ ಇದ್ದ ಜಾಗದಲ್ಲೇ ಇರಲಿ. ಪಡಸಾಲೆಯಲ್ಲಿ ರಾತ್ರಿ ಸಣ್ಣ ದೀಪ ಉರಿಯಲಿ. ಬಂಡೆ ಹಾಸಿದ ನೆಲದಲ್ಲಿ ಮುದಿ ಕಾಲು ಜಾರುತ್ತದೆ, ಅವನು ಓಡಾಡುವ ದಾರಿಗೆ ಗೋಣಿತಾಟು ಹಾಸಿ. ಮಲಗುವ ಮುಂಚೆ ಒಮ್ಮೆ ಹೊರಗೆ ಕರೆದೊಯ್ಯಿರಿ. ಬೆಳಿಗ್ಗೆ ಬಿಸಿಲೇರುವ ಮೊದಲು, ಆಗುವುದಾದರೆ ಆ ಶೇಂಗಾ ಹೊಲಕ್ಕೇ ಕರೆದುಕೊಂಡು ಹೋಗಿ; ಅವಸರ ಮಾಡದೆ, ಬದುವನ್ನೆಲ್ಲ ಮೂಸಲಿ. ಬೆಳಗಿನ ಬೆಳಕು, ನಡಿಗೆ ಎರಡೂ ಹಗಲಿನ ನಿದ್ದೆಯನ್ನು ಕಡಿಮೆ ಮಾಡಿ ರಾತ್ರಿ ಮಲಗಿಸುತ್ತವೆ.

ಬಾಗಿಲ ಹಿಂದೆ ಸಿಕ್ಕಿಕೊಂಡಾಗ ಹಿಂದಿನಿಂದ ಹಿಡಿದು ಎಳೆಯಬೇಡಿ, ಬೆಚ್ಚಿ ಕಚ್ಚಿಯಾನು. ಪಕ್ಕದಿಂದ ಬನ್ನಿ, ಹೆಸರು ಹಿಡಿದು ಕರೆಯಿರಿ, ಕೈಯನ್ನು ಮೂಸಲು ಕೊಡಿ. ಆಮೇಲೆ ಮೆಲ್ಲಗೆ ತೆರೆಯುವ ಕಡೆಗೆ ತಿರುಗಿಸಿ.