84 ಕಿಲೋ ತೂಗುವ ‘ಸೋಲು’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಕೆಗೆ 41 ವರ್ಷ. ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದಾಗಿಸಿ ನೇರ ಸಣ್ಣ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಆಗಿ ಎರಡು ವರ್ಷ ಕಳೆದಿತ್ತು. “ಆಪರೇಷನ್ ಸೋತಿತು, ನಾನೂ ಸೋತೆ” ಎನ್ನುತ್ತ ಚೀಲದಿಂದ ನೋಟ್‌ಬುಕ್ ತೆಗೆದರು. ಎದ್ದ ಕೂಡಲೇ, ಊಟಕ್ಕೆ ಮೊದಲು, ಊಟವಾದ ಮೇಲೆ, ಮಲಗುವ ಮುನ್ನ, ಹೀಗೆ ದಿನಕ್ಕೆ ನಾಲ್ಕು ಸಲ ತೂಕ ನೋಡಿ ಬರೆದಿದ್ದರು. ನೂರು ಗ್ರಾಂ ಏರಿದಲ್ಲೆಲ್ಲ ಕೆಂಪು ಗೆರೆ. ಅರ್ಧ ಲೋಟ ನೀರು ಕುಡಿದರೂ ಅಷ್ಟು ಏರುತ್ತದೆಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಎತ್ತರ 160 ಸೆಂಟಿಮೀಟರ್. ಶಸ್ತ್ರಚಿಕಿತ್ಸೆಗೆ ಮೊದಲು 118 ಕಿಲೋ ಇದ್ದವರು 80ಕ್ಕೆ ಇಳಿದು, ಈಗ 84ಕ್ಕೆ ಬಂದಿದ್ದರು. ಗುರಿ 60.

“60 ಎಂದು ವೈದ್ಯರು ಹೇಳಿದ್ದರೇ?”

“ಇಲ್ಲ. ಮದುವೆಯಾದಾಗ ಅಷ್ಟಿದ್ದೆ.”

ಲೆಕ್ಕವನ್ನು ಇಬ್ಬರೂ ಕೂತು ಹಾಕಿದೆವು. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಸೂಚ್ಯಂಕ ಬಿಎಂಐ. ಹೆಚ್ಚುವರಿ ತೂಕವನ್ನು ಅದರ 25ರ ಮಿತಿಯಿಂದ ಎಣಿಸುತ್ತಾರೆ. ಅವರ ಎತ್ತರಕ್ಕೆ ಬಿಎಂಐ 25 ಎಂದರೆ 64 ಕಿಲೋ. ಅಂದರೆ ಹೆಚ್ಚುವರಿಯಾಗಿದ್ದದ್ದು 54. ಅದರಲ್ಲಿ 34 ಕರಗಿದೆ, ಶೇ. 63ರಷ್ಟು. ಅರ್ಧದಷ್ಟು ಕರಗಿದರೇ ಸಫಲವೆಂದು ಎಣಿಸುವುದು ಈ ಕ್ಷೇತ್ರದ ಹಳೆಯ ರೂಢಿ. ಒಂದೆರಡು ವರ್ಷದ ಬಳಿಕ ತುಸು ತೂಕ ಮರಳುವುದೂ ಸಾಮಾನ್ಯ. 1998ರಲ್ಲಿ ಬಂದ ಬೇರೋಸ್ ಎಂಬ ಅಳತೆಪಟ್ಟಿಯಂತೂ ತೂಕದ ಜೊತೆಗೆ ಕಾಯಿಲೆಗಳ ಸ್ಥಿತಿ ಮತ್ತು ಬದುಕಿನ ಗುಣಮಟ್ಟಕ್ಕೂ ಅಂಕ ಕೊಡುತ್ತದೆ, ತೊಡಕುಗಳಾಗಿದ್ದರೆ ಅಂಕ ಕಳೆಯುತ್ತದೆ. ಈಕೆಯ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತೋರಿಸುವ ಪರೀಕ್ಷೆ) 9ರಿಂದ 5.8ಕ್ಕೆ ಇಳಿದಿತ್ತು, ಮಧುಮೇಹದ ಮಾತ್ರೆ ಬಿಟ್ಟು ವರ್ಷವೇ ಆಗಿತ್ತು. ಇದ್ಯಾವುದಕ್ಕೂ ನೋಟ್‌ಬುಕ್ಕಿನಲ್ಲಿ ಜಾಗವಿರಲಿಲ್ಲ.

ಇಷ್ಟಕ್ಕೇ ಸಮಾಧಾನ ಹೇಳಿ ಕಳಿಸಬಹುದಿತ್ತು. ಆದರೆ ಸಂಜೆ ಹೇಗೆ ಕಳೆಯುತ್ತೀರಿ ಎಂದು ಕೇಳಿದಾಗ ಮಾತು ಬೇರೆಡೆ ತಿರುಗಿತು. ನಿತ್ಯವೂ ಒಂದು ಗ್ಲಾಸ್ ವೈನ್, ಕೆಲವು ದಿನ ಎರಡು. ಮೊದಲು ಅಪರೂಪಕ್ಕೆ ಕುಡಿಯುತ್ತಿದ್ದವರು. ಬೇಸರವಾದಾಗ ತಿನ್ನುವ ಅಭ್ಯಾಸವಿದ್ದವರ ಹೊಟ್ಟೆ ಚಿಕ್ಕದಾದ ಮಾತ್ರಕ್ಕೆ ಬೇಸರ ಚಿಕ್ಕದಾಗುವುದಿಲ್ಲವಲ್ಲ! ಬೈಪಾಸ್ ಆದವರಲ್ಲಿ ಮದ್ಯ ಸಣ್ಣ ಕರುಳಿಗೆ ಬೇಗ ತಲುಪಿ, ರಕ್ತದಲ್ಲಿ ಅದರ ಮಟ್ಟ ಥಟ್ಟನೆ ಏರುತ್ತದೆ. ಕುಡಿತ ಚಟವಾಗುವ ಅಪಾಯ ಎರಡನೆಯ ವರ್ಷದಿಂದ ಹೆಚ್ಚುತ್ತದೆ. ಆಸ್ಪತ್ರೆಯ ಪಟ್ಟಿಯಲ್ಲಿ ಆಕೆ ಸಫಲ ಪ್ರಕರಣ, ತನ್ನ ಕಣ್ಣಿಗೆ ವಿಫಲೆ. ನನ್ನನ್ನು ಕಾಡಿದ್ದು ಎರಡೂ ಕಡೆ ದಾಖಲಾಗದ ಈ ಗ್ಲಾಸು.

ಬದುಕೇ ಸಾಕೆನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಈ ಶಸ್ತ್ರಚಿಕಿತ್ಸೆಯ ಬಳಿಕ ಕೆಲವರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚುವುದುಂಟು, ಕೇಳದೆ ಬಿಡುವಂತಿಲ್ಲ. ಇಲ್ಲ ಎಂದರು. ಹಾಗೆನಿಸಿದರೆ ಅದೇ ದಿನ ವೈದ್ಯರಿಗೋ ಮನೆಯವರಿಗೋ ತಿಳಿಸಬೇಕೆಂದು ಮಾತು ತೆಗೆದುಕೊಂಡೆ.

ಕೊಟ್ಟ ಸಲಹೆ ಇಷ್ಟು. ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೆ ಕುಡಿತದ ವಿಷಯ ಮುಚ್ಚಿಡದೆ ಹೇಳಿ. ಮದ್ಯವನ್ನು ಪೂರ್ತಿ ಬಿಡಬೇಕು, ಆದರೆ ನಿತ್ಯ ಕುಡಿಯುವವರು ಒಮ್ಮೆಲೇ ನಿಲ್ಲಿಸುವ ಮುನ್ನ ವೈದ್ಯರನ್ನು ಕೇಳಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪರ್ಯಂತ ಬೇಕು. “ಚೆನ್ನಾಗಿಯೇ ಇದ್ದೇನಲ್ಲ” ಎಂದು ಆಕೆ ಅವನ್ನು ಬಿಟ್ಟಿದ್ದರು. ತೂಕ ವಾರಕ್ಕೊಮ್ಮೆ ಸಾಕು, ಯಂತ್ರ ಅಕ್ಕನ ಮನೆಯಲ್ಲಿರಲಿ. ಕೊನೆಯದಕ್ಕೆ ಮಾತ್ರ ಆಕೆ ಜೋರಾಗಿಯೇ ವಾದಿಸಿದರು.

ರಕ್ತ ಪರೀಕ್ಷೆಯಲ್ಲಿ ಕಬ್ಬಿಣಾಂಶ ಕಡಿಮೆ ಬಂತು. ಸೋಮಾರಿತನವೆಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದ ಸುಸ್ತಿಗೆ ಒಂದು ಕಾರಣ ಸಿಕ್ಕಿತು. ವೈನ್ ನಿಂತಿದೆ, ಎರಡು ಸಲ ಜಾರಿದ್ದೂ ಇದೆ. ವ್ಯಸನ ಚಿಕಿತ್ಸಕರಲ್ಲಿಗೂ ಹೋಗುತ್ತಿದ್ದಾರೆ. ತೂಕ 85. ಅದನ್ನು ಇಳಿಸುವ ಮಾತನ್ನು ಆಹಾರ ತಜ್ಞರ ಭೇಟಿಯವರೆಗೆ ಮುಂದೂಡಿದ್ದೇವೆ. ಆಕೆಗೆ ಇದು ಇಷ್ಟವಿಲ್ಲ, ಒಪ್ಪಿದ್ದಾರೆ ಅಷ್ಟೆ.